ಮೋಲ್ಡ್ ಮೇಲಿಂದ ಬಿದ್ದ ಹುಡುಗ: ಒಂದು ಪ್ರಕರಣ ಅಧ್ಯಯನ

ಹುಡುಗನಿಗೆ ಆಗ 8 ವರ್ಷ. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಅಪ್ಪನಿಗೆ ಒಂದೂವರೆ ಎಕರೆ ಕಬ್ಬು, ಬಿಡುವಿದ್ದಾಗ ಬೇರೆಯವರ ಆಲೆಮನೆಯಲ್ಲಿ ಕೂಲಿ. ಅವ್ವ ಎರಡು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಮನೆಯಲ್ಲಿ 13 ವರ್ಷದ ಅಕ್ಕ, ಅಜ್ಜಿ. ಮೂರು ವರ್ಷದ ಹಿಂದಿನ ಆಷಾಢದಲ್ಲಿ ಒಂದು ಭಾನುವಾರ ಸಂಜೆ ಅವನು ಗಾಳಿಪಟದ ದಾರ ಎಳೆಯುತ್ತ, ಮೇಲೆ ನೋಡುತ್ತ, ಹಿಂದೆ ಹಿಂದೆ ಹೆಜ್ಜೆ ಹಾಕಿ ಮನೆಯ ಮೋಲ್ಡ್ (ಕಾಂಕ್ರೀಟ್ ತಾರಸಿ) ಮೇಲಿಂದ ಕೆಳಗೆ ಬಿದ್ದ. ರಾತ್ರಿ 11 ಗಂಟೆಗೆ ಮೈಸೂರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನನ್ನ ಮುಂದೆ ಬಂದಾಗ ಅವನ ಬಲಗಣ್ಣಿನ ಪಾಪೆ ಹಿಗ್ಗಿ, ಟಾರ್ಚ್ ಬೆಳಕಿಗೂ ಕುಗ್ಗದೆ ನಿಂತಿತ್ತು.

ನಾನು ಮಕ್ಕಳ ವೈದ್ಯೆ. ತಲೆಗೆ ಪೆಟ್ಟಾದ ಮಕ್ಕಳನ್ನು ವರ್ಷವಿಡೀ ನೋಡುತ್ತೇನೆ. ಆ ರಾತ್ರಿ ಈ ಹುಡುಗನ ಬಗ್ಗೆ ಬರೆಯಬೇಕು ಅಂತ ಅನ್ನಿಸಿರಲಿಲ್ಲ. ಅನ್ನಿಸಿದ್ದು ಒಂದು ವರ್ಷ ಕಳೆದ ಮೇಲೆ, ಅವನ ನಾಲ್ಕನೇ ತರಗತಿಯ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟಾಗ. ತಂದೆ ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಬಿದ್ದ ಜಾಗ

ಕೇಸ್ ಶೀಟಿನಲ್ಲಿ ಕಾರಣ ಎಂಬ ಜಾಗದಲ್ಲಿ ‘ಎತ್ತರದಿಂದ ಬಿದ್ದದ್ದು’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ. ನಾನೂ ಅಷ್ಟೇ ಬರೆದಿದ್ದೆ. ಒಂದೂವರೆ ವರ್ಷದ ಮೇಲೆ ಅವರ ಮನೆಗೆ ಹೋಗಿ ನೋಡಿದಾಗ ಆ ಎರಡು ಪದದೊಳಗೆ ಎಷ್ಟೆಲ್ಲ ಅಡಗಿತ್ತು ಎಂದು ತಿಳಿಯಿತು.

ಮನೆ ಕಟ್ಟಲು ಸಿಕ್ಕಿದ ಸರ್ಕಾರದ ಹಣ ಕಂತು ಕಂತಾಗಿ ಬಂದಿದೆ: ತಳಪಾಯಕ್ಕೆ ಒಂದು, ಲಿಂಟಲ್‌ಗೆ ಒಂದು, ಮೋಲ್ಡ್‌ಗೆ ಒಂದು. ಕೈಸಾಲವೂ ಸೇರಿ ಮೋಲ್ಡ್ ಹಾಕುವ ಹೊತ್ತಿಗೆ ಎಲ್ಲ ಮುಗಿದಿದೆ. ಬಾಗಿಲು ಕಿಟಕಿ ಇಡಿಸಿ ಒಳಗೆ ಸೇರಿಕೊಂಡಿದ್ದಾರೆ. ಮೋಲ್ಡಿನ ಅಂಚಿಗೆ ಕಟ್ಟಬೇಕಾದ ಪ್ಯಾರಾಪೆಟ್ ಗೋಡೆ ‘ಮುಂದಿನ ಕಬ್ಬಿಗೆ’ ಎಂದು ಉಳಿದಿದೆ. ಮುಂದೊಂದು ದಿನ ಮೇಲೊಂದು ಮನೆ ಏಳಬಹುದು ಎಂಬ ಆಸೆಗೆ ನಾಲ್ಕು ಮೂಲೆಯಲ್ಲಿ ಕಂಬಿಗಳು ಎದ್ದು ನಿಂತಿವೆ. ಹೀಗೆ ಬೋಳು ಮೋಲ್ಡಿನ ಮನೆಗಳು ಆ ಬೀದಿಯಲ್ಲೇ ನಾನು ಎಣಿಸಿದಷ್ಟಕ್ಕೆ ಏಳು. ರಾಗಿ, ಹುರುಳಿ, ಕೊಬ್ಬರಿ ಒಣಗುವುದು ಅಲ್ಲೇ, ಬಟ್ಟೆ ಒಣಹಾಕುವುದು ಅಲ್ಲೇ. ಬೀದಿಯಲ್ಲಿ ಕರೆಂಟ್ ತಂತಿ, ಹಿತ್ತಿಲಲ್ಲಿ ತೆಂಗಿನ ಮರ, ಆದ್ದರಿಂದ ಗಾಳಿಪಟಕ್ಕೆ ತೆರೆದ ಜಾಗ ಅಂದರೂ ಅದೇ. ಎತ್ತರ 11 ಅಡಿ. ಕೆಳಗೆ ಬಟ್ಟೆ ಒಗೆಯುವ ಕಲ್ಲು.

ಹುಡುಗ ತುಂಟ, ಹೇಳಿದ ಮಾತು ಕೇಳಲ್ಲ ಅಂತ ಆ ರಾತ್ರಿ ಅಪ್ಪ ನನ್ನ ಮುಂದೆ ಹತ್ತು ಸಲ ಹೇಳಿದರು. ಎಂಟು ವರ್ಷದ ಮಗು ಆಷಾಢದಲ್ಲಿ ಗಾಳಿಪಟ ಹಾರಿಸುವುದು ತುಂಟತನ ಅಲ್ಲ. ತಪ್ಪು ಹುಡುಗನದು ಅಂದುಬಿಟ್ಟರೆ ಗೋಡೆಯ ಮಾತು ಬರುವುದಿಲ್ಲ, ಅದಕ್ಕೇ ನಾನು ಆ ಮಾತನ್ನು ಒಪ್ಪಲಿಲ್ಲ.

ಮನೆಯಲ್ಲಿ ಕಳೆದ ನಾಲ್ಕು ಗಂಟೆ

ಮುಂದಿನದು ಅವ್ವ ಮತ್ತು ಅಕ್ಕ ಹೇಳಿದ್ದನ್ನು ಹೊಂದಿಸಿ ಬರೆದದ್ದು.

ಬಿದ್ದದ್ದು ಸುಮಾರು ನಾಲ್ಕೂವರೆಗೆ. ಬಲಗಿವಿಯ ಮೇಲ್ಭಾಗ ಕಲ್ಲಿನ ಅಂಚಿಗೆ ಬಡಿದಿದೆ. ಒಂದೆರಡು ನಿಮಿಷ ಮಿಸುಕಾಡಲಿಲ್ಲ. ಚಿಕ್ಕಪ್ಪ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಜಗಲಿಗೆ ತಂದರು. ಮುಖಕ್ಕೆ ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು ಅತ್ತ. ಅತ್ತನಲ್ಲ, ಸದ್ಯ, ಅಂತ ಎಲ್ಲರಿಗೂ ಜೀವ ಬಂತು. ರಕ್ತ ಒಸರುತ್ತಿದ್ದ ಜಾಗಕ್ಕೆ ಕಾಫಿಪುಡಿ ಮೆತ್ತಿದರು. ನೀರು ಕುಡಿದ, ಅಕ್ಕನ ಹೆಸರು ಹೇಳಿದ, ಗಾಳಿಪಟ ಎಲ್ಲಿ ಅಂತ ಕೇಳಿದ.

ಐದೂಕಾಲಿಗೆ ಹತ್ತಿರದ ಊರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾರೆ. ಗಾಯ ತೊಳೆದು ಎರಡು ಹೊಲಿಗೆ ಹಾಕಿ, ಟಿ.ಟಿ. ಇಂಜೆಕ್ಷನ್ ಕೊಟ್ಟು, ನೋವಿಗೆ ಸಿರಪ್ ಬರೆದು, ‘ಏನೂ ಆಗಿಲ್ಲ, ಮನೆಗೆ ಹೋಗಿ’ ಅಂದಿದ್ದಾರೆ. ಆ ಹೊತ್ತಿನಲ್ಲಿ ಹುಡುಗ ನಡೆದಾಡುತ್ತಿದ್ದ, ಮಾತಾಡುತ್ತಿದ್ದ, ಇದು ನಿಜ. ಆದರೆ 11 ಅಡಿಯಿಂದ ಬಿದ್ದಿದ್ದಾನೆ, ಎಚ್ಚರ ತಪ್ಪಿದ್ದ, ಕಿವಿಯ ಮೇಲೆ ಬುಗುಟು ಎದ್ದಿದೆ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದವರು ಮನೆಗೆ ಕಳಿಸುವುದಿಲ್ಲ. ಅಮೆರಿಕದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಪಿಕಾರ್ನ್ ನಿಯಮಗಳನ್ನು ನಾವೂ ಬಳಸುತ್ತೇವೆ. ಯಾವ ಮಗುವಿಗೆ ಸಿ.ಟಿ. ಸ್ಕ್ಯಾನ್ ಬೇಕು, ಯಾವುದನ್ನು ಕೆಲವು ಗಂಟೆ ಕಣ್ಣೆದುರು ಇಟ್ಟುಕೊಂಡರೆ ಸಾಕು ಎಂದು ತೂಗಿ ನೋಡಲು ಅವು ಇವೆ. ಎರಡು ವರ್ಷ ದಾಟಿದ ಮಗು 5 ಅಡಿಗಿಂತ ಎತ್ತರದಿಂದ ಬಿದ್ದರೆ, ಎಚ್ಚರ ತಪ್ಪಿದ್ದರೆ, ವಾಂತಿ ಮಾಡಿಕೊಂಡರೆ, ತಲೆನೋವು ಜೋರಾಗಿದ್ದರೆ ಹುಷಾರಾಗಬೇಕು. ಎರಡು ವರ್ಷದೊಳಗಿನ ಕೂಸಿಗೆ 3 ಅಡಿಯೇ ಹೆಚ್ಚು, ಅಂದರೆ ಮಂಚದ ಎತ್ತರಕ್ಕಿಂತ ಸ್ವಲ್ಪ ಮೇಲೆ. ಹಾಗೆಂದು ಬಿದ್ದ ಮಕ್ಕಳಿಗೆಲ್ಲ ಸ್ಕ್ಯಾನ್ ಮಾಡಿಸುವುದೂ ಸರಿಯಲ್ಲ. ಸಿ.ಟಿ.ಯ ವಿಕಿರಣ ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಕೆಡುಕು.

ಆರೂವರೆಗೆ ಮೊದಲ ವಾಂತಿ. ಇಂಜೆಕ್ಷನ್ ಕೊಟ್ಟಿದ್ದಕ್ಕೆ ಅಂದುಕೊಂಡರು. ಏಳೂಕಾಲಿಗೆ ಇನ್ನೊಂದು. ದಾರಿಯಲ್ಲಿ ತಿಂದ ಬೋಂಡದ ಮೇಲೆ ಅನುಮಾನ ಹೋಯಿತು. ತಲೆ ಸಿಡಿಯುತ್ತದೆ ಅಂತ ಅತ್ತು, ಏಳೂಮುಕ್ಕಾಲಿಗೆ ಅಜ್ಜಿಯ ಪಕ್ಕ ಮಲಗಿದ. ಅವ್ವ ಊಟಕ್ಕೆ ಎಬ್ಬಿಸಲು ಹೋದಾಗ ಅಜ್ಜಿ, ‘ಆಡಿ ಸುಸ್ತಾಗದೆ ಮೊಗ, ನಿದ್ದೆಗೆಡಿಸಬ್ಯಾಡ ಬುಡು’ ಅಂದರು. ಅದು ಅಜ್ಜಿಯ ಪ್ರೀತಿ. ಆ ಮಾತನ್ನು ಇವತ್ತಿಗೂ ನೆನೆಸಿಕೊಂಡು ಅವರು ಅಳುತ್ತಾರೆ, ಅಳಬೇಡಿ ಅಂತ ಪ್ರತಿ ಸಲ ಹೇಳುತ್ತೇನೆ. ವಾಂತಿಯಾದರೆ ಕರೆದುಕೊಂಡು ಬನ್ನಿ, ಎಬ್ಬಿಸಿದರೆ ಏಳದಿದ್ದರೆ ಓಡಿ ಬನ್ನಿ ಎಂದು ಯಾರೂ ಅವರಿಗೆ ಹೇಳಿ ಕಳಿಸಿರಲಿಲ್ಲ.

ಎಂಟೂವರೆ ದಾಟಿದ ಮೇಲೆ ಅಕ್ಕನಿಗೆ ಅವನ ಗೊರಕೆ ವಿಚಿತ್ರ ಅನ್ನಿಸಿತು. ಅವನು ಗೊರಕೆ ಹೊಡೆಯುವವನೇ ಅಲ್ಲ. ಅಲುಗಾಡಿಸಿದಳು, ಚಿವುಟಿದಳು. ಬಲಗೈ ಅವಳ ಕೈಯನ್ನು ತಳ್ಳಿತು, ಎಡಗೈ ಎತ್ತಿಬಿಟ್ಟರೆ ದಪ್ಪೆಂದು ಬಿತ್ತು. ಏಳನೇ ತರಗತಿ ಮುಗಿಸಿದ ಹುಡುಗಿ ಆ ವ್ಯತ್ಯಾಸ ಗುರುತಿಸಿ ಕಿರುಚಿಕೊಂಡಳು. ತಮ್ಮ ಉಳಿದದ್ದಕ್ಕೆ ಶಸ್ತ್ರಚಿಕಿತ್ಸಕರ ಜೊತೆಗೆ ಅವಳ ಹೆಸರನ್ನೂ ಹೇಳಬೇಕು. 108ಕ್ಕೆ ಫೋನ್ ಮಾಡಿ, ಅದು ಬರುವಷ್ಟರಲ್ಲಿ ಪಕ್ಕದ ಮನೆಯವರ ಓಮ್ನಿ ಸಿಕ್ಕಿ, ಅದರಲ್ಲೇ ಮಂಡ್ಯಕ್ಕೆ ಹೊರಟರು.

ಬುರುಡೆಯೊಳಗೆ ಆಗುತ್ತಿದ್ದದ್ದು

ಮಂಡ್ಯದಲ್ಲಿ ನೋಡಿದಾಗ ಗ್ಲಾಸ್ಗೋ ಕೋಮಾ ಸ್ಕೇಲ್ 9. ಕಣ್ಣು, ಮಾತು, ಕೈಕಾಲಿನ ಚಲನೆ ಮೂರಕ್ಕೂ ಅಂಕ ಕೊಟ್ಟು ಎಚ್ಚರವನ್ನು ಅಳೆಯುವ ಈ ಮಾಪನ 1974ರಿಂದ ಬಳಕೆಯಲ್ಲಿದೆ. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಕೆಳಗೆ ತೀವ್ರ. ಸ್ಕ್ಯಾನ್ ತೆಗೆದು, ಉಸಿರಾಟಕ್ಕೆ ಆಮ್ಲಜನಕ ಹಾಕಿ, ಮಿದುಳಿನ ಒತ್ತಡ ಇಳಿಸುವ ಮ್ಯಾನಿಟಾಲ್ ಕೊಟ್ಟು, ಕುತ್ತಿಗೆಗೆ ಕಾಲರ್ ಹಾಕಿ ಮೈಸೂರಿಗೆ ಕಳಿಸಿದರು. ಸುಮಾರು 45 ಕಿಲೋಮೀಟರ್. ಅಷ್ಟರಲ್ಲಿ 9 ಇದ್ದದ್ದು 7ಕ್ಕೆ ಇಳಿದಿತ್ತು.

ಸ್ಕ್ಯಾನಿನಲ್ಲಿ ಬಲಗಿವಿಯ ಮೇಲಿನ ಮೂಳೆ ಬಿರುಕು ಬಿಟ್ಟಿತ್ತು. ಅಲ್ಲಿ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡು ಮಿಡ್ಲ್ ಮೆನಿಂಜಿಯಲ್ ಎಂಬ ರಕ್ತನಾಳ ಹಾದುಹೋಗುತ್ತದೆ. ಬಿರುಕಿನ ಅಂಚು ಆ ನಾಳವನ್ನು ಹರಿದರೆ ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಸೇರತೊಡಗುತ್ತದೆ. ಇದಕ್ಕೆ ಎಪಿಡ್ಯೂರಲ್ ಹೆಮಟೋಮಾ ಎಂದು ಹೆಸರು. ಸ್ಕ್ಯಾನಿನಲ್ಲಿ ಮಸೂರದ ಹಾಗೆ ಎರಡೂ ಕಡೆ ಉಬ್ಬಿ ಕಾಣುತ್ತದೆ. ಇವನದು 32 ಮಿಲಿಮೀಟರ್ ದಪ್ಪ ಇತ್ತು. ಮಿದುಳಿನ ನಡುಗೆರೆಯನ್ನು 9 ಮಿಲಿಮೀಟರ್ ಎಡಕ್ಕೆ ತಳ್ಳಿತ್ತು.

ಎಂಟು ವರ್ಷದ ಬುರುಡೆ ಹಿಗ್ಗುವುದಿಲ್ಲ. ಒಳಗೆ ಇರುವುದು ಮಿದುಳು, ಅದನ್ನು ಸುತ್ತಿದ ದ್ರವ, ರಕ್ತ. ಹೊಸದಾಗಿ ಏನೋ ಸೇರಿದರೆ ಮೊದಲು ದ್ರವ ಜಾಗ ಬಿಟ್ಟುಕೊಡುತ್ತದೆ, ಆಮೇಲೆ ಸಿರೆಗಳ ರಕ್ತ. ಅಲ್ಲಿಯವರೆಗೆ ಹುಡುಗ ಮಾತಾಡುತ್ತಾನೆ, ಬೋಂಡ ತಿನ್ನುತ್ತಾನೆ. ಬಿಟ್ಟುಕೊಡಲು ಏನೂ ಉಳಿಯದ ಮೇಲೆ ಒತ್ತಡ ಏರುವುದು ನಿಮಿಷಗಳ ಲೆಕ್ಕ. ಮಿದುಳಿನ ಅಂಚು ಜಾರಿ ಬಂದು ಕಣ್ಣಿನ ನರವನ್ನು ಅದುಮಿದಾಗ ಆ ಕಡೆಯ ಪಾಪೆ ಹಿಗ್ಗುತ್ತದೆ. ಬಲ ಮಿದುಳು ಎಡಮೈಯನ್ನು ಆಳುವುದರಿಂದ ಎಡಗೈ ಸೋಲುತ್ತದೆ. ಮನೆಯಲ್ಲಿ ಕಳೆದ ನಾಲ್ಕು ಗಂಟೆ ಅಂದರೆ ಆ ದ್ರವ ಜಾಗ ಬಿಟ್ಟುಕೊಟ್ಟ ನಾಲ್ಕು ಗಂಟೆ. ಎಲ್ಲ ಮಕ್ಕಳಿಗೂ ಇಷ್ಟು ಸ್ಪಷ್ಟವಾದ ನಡುವಿನ ಎಚ್ಚರ ಇರುವುದಿಲ್ಲ. ಕೆಲವರು ಬಿದ್ದಾಗಿನಿಂದಲೇ ಮಂಕಾಗಿರುತ್ತಾರೆ, ಕೆಲವರಲ್ಲಿ ಸಿರೆಯಿಂದ ನಿಧಾನಕ್ಕೆ ಒಸರಿ ಮರುದಿನ ತಿಳಿಯುತ್ತದೆ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಶಸ್ತ್ರಚಿಕಿತ್ಸೆ ಶುರುವಾಯಿತು. ಬುರುಡೆಯ ಒಂದು ತುಂಡು ತೆರೆದು, ಹೆಪ್ಪು ತೆಗೆದು, ನಾಳವನ್ನು ಸುಟ್ಟು ಮುಚ್ಚಿ, ಮೂಳೆಯನ್ನು ಮತ್ತೆ ಕೂರಿಸಿದರು. ಬೆಳಗ್ಗೆ ಪಾಪೆ ಕುಗ್ಗಿತ್ತು.

24 ಗಂಟೆಯ ಮೇಲೆ ತೆಗೆದ ಎರಡನೇ ಸ್ಕ್ಯಾನಿನಲ್ಲಿ ಇನ್ನೊಂದು ಕಂಡಿತು. ಎಡ ಹಣೆಯ ಹಿಂದೆ, ಪೆಟ್ಟು ಬಿದ್ದ ಜಾಗದ ಎದುರು ಬದಿಯಲ್ಲಿ, ಮಿದುಳಿನ ಒಳಗೇ ಜಜ್ಜಿದ ಗಾಯ. ಬಲಕ್ಕೆ ಬಡಿದಾಗ ಬುರುಡೆ ನಿಂತಿತು, ಒಳಗಿನ ಮಿದುಳು ನಿಲ್ಲಲಿಲ್ಲ, ಓಲಾಡಿ ಆ ಕಡೆಗೆ ಅಪ್ಪಳಿಸಿತು. ಹಣೆಯ ಹಿಂದಿನ ಬುರುಡೆಯ ತಳ ಉಬ್ಬುತಗ್ಗಿನದು, ಅಲ್ಲಿ ಮಿದುಳು ಉಜ್ಜಿಕೊಂಡರೆ ತರಚುತ್ತದೆ. ಮಗುವಿನ ಮಿದುಳಿನಲ್ಲಿ ನೀರಿನ ಅಂಶ ಹೆಚ್ಚು, ನರತಂತುಗಳ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ, ಆದ್ದರಿಂದ ಅಲುಗಾಟಕ್ಕೆ ಬೇಗ ನೋಯುತ್ತದೆ. ಈ ಗಾಯಕ್ಕೆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ನಾವು ‘ಸಣ್ಣದು, ತಾನೇ ಕರಗುತ್ತದೆ’ ಎಂದು ಬರೆದೆವು. ಕರಗಿತೂ ಸಹ. ಮುಂದಿನ ಕತೆಯೆಲ್ಲ ಆ ಸಣ್ಣದರದ್ದು.

ಯಾವ ವಯಸ್ಸಿಗೆ ಯಾವ ಪೆಟ್ಟು

ಇವನ ಅಕ್ಕಪಕ್ಕದ ಹಾಸಿಗೆಗಳಲ್ಲಿ ಯಾರಿದ್ದರು ಎಂದು ಹೇಳದಿದ್ದರೆ ಇವನೊಬ್ಬನ ದುರದೃಷ್ಟ ಅನ್ನಿಸಬಹುದು. ಮಕ್ಕಳ ತಲೆಪೆಟ್ಟಿಗೆ ಒಂದು ಜಾಡು ಇದೆ. ವಯಸ್ಸು ಹೇಳಿದರೆ ಹೇಗೆ ಬಿದ್ದಿರಬಹುದು ಎಂದು ಅರ್ಧ ಊಹಿಸಬಹುದು.

ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಕುತ್ತಿಗೆಗೆ ಬಲವಿಲ್ಲ. ಅದಕ್ಕೇ ಚಿಕ್ಕ ಮಗು ಎಲ್ಲಿಂದ ಬಿದ್ದರೂ ತಲೆ ಮುಂದಾಗಿ ಬೀಳುತ್ತದೆ. ಒಂದು ವರ್ಷದೊಳಗೆ ಮಂಚ, ದಿವಾನ, ಸೀರೆಯ ಜೋಲಿ, ಎತ್ತಿಕೊಂಡವರ ಕೈ. ಮಗುಚಿಕೊಳ್ಳಲು ಕಲಿತ ವಾರದಲ್ಲೇ ಬೀಳುವ ಕೂಸುಗಳು ಎಷ್ಟೋ. ನಿನ್ನೆವರೆಗೆ ಮಲಗಿಸಿದ ಕಡೆ ಇರುತ್ತಿತ್ತಲ್ಲ ಅಂತ ತಾಯಿ ಅಳುತ್ತಾಳೆ. ಈ ವಯಸ್ಸಿನಲ್ಲಿ ನಾವು ಕೇಳಲೇಬೇಕಾದ ಕಷ್ಟದ ಪ್ರಶ್ನೆಯೊಂದಿದೆ. ಹೇಳಿದ ಕತೆಗೂ ಕಂಡ ಗಾಯಕ್ಕೂ ತಾಳೆಯಾಗದಿದ್ದರೆ, ಮಂಚದಿಂದ ಬಿತ್ತು ಅನ್ನುವ ಮಗುವಿನ ಮಿದುಳಿನ ಪೊರೆಯ ಕೆಳಗೆ ಎರಡೂ ಕಡೆ ರಕ್ತವಿದ್ದು ಕಣ್ಣಿನ ಹಿಂಪರದೆಯಲ್ಲೂ ರಕ್ತ ಕಂಡರೆ, ಯಾರಾದರೂ ಹಿಡಿದು ಜೋರಾಗಿ ಅಲುಗಾಡಿಸಿದರೇ ಎಂದು ವಿಚಾರಿಸಬೇಕು. ಅದರ ಜೊತೆಗೇ ವಿಟಮಿನ್ ಕೆ ಕೊರತೆಯಿಂದ ತಾನಾಗಿ ರಕ್ತಸ್ರಾವ ಆಗಿದೆಯೇ ಎಂದೂ ಪರೀಕ್ಷಿಸಬೇಕು. ಇಲ್ಲದಿದ್ದರೆ ತಪ್ಪಿಲ್ಲದ ಮನೆಯ ಮೇಲೆ ಗೂಬೆ ಕೂರಿಸಿದಂತಾಗುತ್ತದೆ.

ನಡೆಯಲು ಕಲಿತ ಮೇಲೆ ಮೆಟ್ಟಿಲು, ಕಂಬಿಯಿಲ್ಲದ ಕಿಟಕಿ, ನೆಟ್ಟಗೆ ನಿಲ್ಲಿಸದ ಟಿ.ವಿ. ಸ್ಟ್ಯಾಂಡು. ಶಾಲೆಯ ವಯಸ್ಸಿಗೆ ಮೋಲ್ಡ್, ಮರ, ಸೈಕಲ್. ಅಡ್ಡ ಓಡಿ ವಾಹನಕ್ಕೆ ಸಿಕ್ಕುವುದೂ ಇದೇ ವಯಸ್ಸಿನಲ್ಲಿ. ದಾಟುವ ಮೊದಲು ಬರುವ ಗಾಡಿಯ ವೇಗ ಅಂದಾಜು ಮಾಡುವ ಶಕ್ತಿ ಆ ಮಕ್ಕಳಿಗೆ ಇನ್ನೂ ಬಂದಿರುವುದಿಲ್ಲ, ಬುದ್ಧಿ ಹೇಳಿದರೆ ಬರುವಂಥದ್ದೂ ಅಲ್ಲ. ಹದಿಹರೆಯಕ್ಕೆ ದ್ವಿಚಕ್ರ ವಾಹನ. ಒಟ್ಟು ಎಣಿಕೆಯಲ್ಲಿ ಚಿಕ್ಕ ಮಕ್ಕಳಿಗೆ ಬೀಳುವುದೇ ಮೊದಲ ಕಾರಣ, ತೀವ್ರವಾದ ಗಾಯಗಳ ದೊಡ್ಡ ಪಾಲು ರಸ್ತೆಯದು.

ನಮ್ಮ ಕಡೆಗೆ ಋತುವಿನ ಜಾಡೂ ಇದೆ. ಏಪ್ರಿಲ್, ಮೇ ರಜೆಯಲ್ಲಿ ಮಾವು, ಹುಣಸೆ, ನೇರಳೆ ಮರ. ಜೂನ್‌ನಲ್ಲಿ ಶಾಲೆ ತೆರೆದರೆ ಒಂದೇ ಸ್ಕೂಟರಿನಲ್ಲಿ ಅಪ್ಪ ಮತ್ತು ಮೂರು ಮಕ್ಕಳು. ಆಷಾಢಕ್ಕೆ ಗಾಳಿಪಟ. ಮಳೆ ಹಿಡಿದರೆ ನೆನೆದ ಮಣ್ಣಿನ ಗೋಡೆ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್: ಹೋಗುತ್ತಿರುವ ಟ್ರೇಲರಿನಿಂದ ಜಲ್ಲೆ ಎಳೆಯಲು ಮಕ್ಕಳು ಹಿಂದೆ ಓಡುತ್ತಾರೆ, ಜೋತುಬೀಳುತ್ತಾರೆ. ಮಂಡ್ಯದಲ್ಲಿ ಬೆಳೆದವರಲ್ಲಿ ಹೀಗೆ ಜಲ್ಲೆ ಎಳೆಯದವರು ಕಡಿಮೆ, ಅದಕ್ಕೇ ಯಾರೂ ಬೈಯುವುದಿಲ್ಲ. ವರ್ಷವಿಡೀ ನಡೆಯುವುದು ತೆಂಗಿನಕಾಯಿ. ಮರದ ನೆರಳಲ್ಲಿ ಕೂಸನ್ನು ಮಲಗಿಸಿ ಕೆಲಸಕ್ಕೆ ಹೋಗಬೇಡಿ ಎಂದು ತೋಟದ ಕೂಲಿಗೆ ಬರುವ ತಾಯಂದಿರಿಗೆ ಹೇಳುತ್ತಲೇ ಇರುತ್ತೇನೆ.

ಹೆಲ್ಮೆಟ್ಟಿನ ಮಾತು ಇಲ್ಲಿ ಬರಲೇಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 4 ವರ್ಷ ಮೀರಿದ ಪ್ರತಿಯೊಬ್ಬರಿಗೂ ಬೈಕಿನ ಮೇಲೆ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದವರಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸೇಫ್ಟಿ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2022ರಲ್ಲಿ ಬಂದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಮೈಸೂರಿನ ಯಾವುದೇ ಶಾಲೆಯ ಗೇಟಿನ ಮುಂದೆ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. ಹೆಲ್ಮೆಟ್ ಇರುವುದು ಅಪ್ಪನ ತಲೆಯ ಮೇಲೆ. ಮಗು ಮುಂದೆ ಫುಟ್‌ಬೋರ್ಡಿನಲ್ಲಿ ಹ್ಯಾಂಡಲ್ ಹಿಡಿದು ನಿಂತಿರುತ್ತದೆ, ಬರಿತಲೆಯಲ್ಲಿ. ನನಗೆ ಇದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಾಸಿಯಾಯಿತು ಎಂದು ಕಳಿಸಿದ ಮೇಲೆ

ಎರಡು ದಿನ ವೆಂಟಿಲೇಟರ್. ಮೂರನೇ ದಿನ ಅವ್ವ ಅಂದ. ಎಡಗೈಗೆ ಫಿಸಿಯೋಥೆರಪಿ ಶುರುವಾಗಿ ವಾರದಲ್ಲಿ ಚಮಚ ಹಿಡಿದ. ಫಿಟ್ಸ್ ಬಾರದಂತೆ ಏಳು ದಿನ ಔಷಧಿ ಕೊಟ್ಟು ನಿಲ್ಲಿಸಿದೆವು. 11ನೇ ದಿನ ತಾನೇ ನಡೆದುಕೊಂಡು ಮನೆಗೆ ಹೋದ. ವಾರ್ಡಿನ ಸಿಸ್ಟರುಗಳು ಚಪ್ಪಾಳೆ ತಟ್ಟಿದರು, ಅಪ್ಪ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಾನೂ ತಿಂದೆ.

ಆ ದಿನ ಕೊಟ್ಟ ಡಿಸ್ಚಾರ್ಜ್ ಕಾರ್ಡಿನ ಪ್ರತಿ ನನ್ನ ಹತ್ತಿರ ಇದೆ. ಹೊಲಿಗೆ ಯಾವಾಗ ತೆಗೆಸಬೇಕು, ತಲೆಗೆ ಯಾವಾಗ ನೀರು ಹಾಕಬಹುದು, ಯಾವ ಮಾತ್ರೆ ಎಷ್ಟು ದಿನ, ಎಲ್ಲ ಇದೆ. ಶಾಲೆಯ ಬಗ್ಗೆ ಒಂದು ಸಾಲು ಇಲ್ಲ. ಸಿಟ್ಟು, ಮರೆವು, ದಣಿವು ಬರಬಹುದು ಎಂಬ ಮಾತಿಲ್ಲ. ಆ ಕ್ಲಿನಿಕ್ಕಿನವರು ಸಂಜೆ ಐದೂಕಾಲಿಗೆ ಮಾಡಿದ ತಪ್ಪನ್ನೇ 11 ದಿನದ ಮೇಲೆ ನಾವೂ ಮಾಡಿದ್ದೆವು. ಕಣ್ಣಿಗೆ ಕಾಣುವ ಗಾಯ ಹೊಲಿದು, ಮುಂದೆ ಏನನ್ನು ನೋಡುತ್ತಿರಬೇಕು ಎಂದು ಹೇಳದೆ ಮನೆಗೆ ಕಳಿಸಿದ್ದೆವು. ಕಾರ್ಡಿನ ಕೆಳಗೆ ನನ್ನ ಸಹಿ ಇದೆ.

ನಾಲ್ಕು ತಿಂಗಳ ಮೇಲೆ ಅವ್ವ ಒಬ್ಬಳೇ ಅವನನ್ನು ಕರೆದುಕೊಂಡು ಬಂದಳು. ‘ನನ್ ಮೊಗ ನಗ್ತಾ ಇದ್ದೋನು. ಆಪರೇಷನ್ ಆದ್ಮೇಲೆ ಸಿಟ್ಟಿನ ಮೊಗನ್ನ ಕೊಟ್ಟು ಕಳಿಸಿದ್ರಿ ಮೇಡಮ್’ ಅಂದಳು. ಅನ್ನದ ತಟ್ಟೆ ಎಸೆಯುತ್ತಾನೆ, ಅಕ್ಕನಿಗೆ ಹೊಡೆಯುತ್ತಾನೆ, ಆಮೇಲೆ ಅವಳ ಕಾಲು ಹಿಡಿದು ಅಳುತ್ತಾನೆ. ಶಾಲೆಯಿಂದ ಬಂದವನೇ ಮಲಗಿಬಿಡುತ್ತಾನೆ. ಭಯ ಬಿದ್ದಿದೆ ಅಂತ ತಾಯಿತ ಕಟ್ಟಿಸಿದ್ದರು. ಹಣೆಯ ಹಿಂದಿನ ಮಿದುಳು ಮಾಡುವ ಕೆಲಸಗಳಲ್ಲಿ ತಡೆದುಕೊಳ್ಳುವುದೂ ಒಂದು. ಸಿಟ್ಟು ಬಂದಾಗ ಕೈ ಎತ್ತದಂತೆ ಹಿಡಿಯುವ ಲಗಾಮು ಅದು. ಅದಕ್ಕೇ ಪೆಟ್ಟಾಗಿದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ‘ಹಂಗಾರೆ ಮೊಗ ಬೇಕೂಂತ ಮಾಡ್ತಿಲ್ವಾ’ ಎಂದು ಕೇಳಿದಳು. ಇಲ್ಲ ಅಂದೆ. ಅವಳು ಅತ್ತಿದ್ದು ಆಗ.

ಮೂರನೇ ತರಗತಿಯಲ್ಲಿ ಓದಿನ ತೊಂದರೆ ಅಷ್ಟಾಗಿ ಗೊತ್ತಾಗಲಿಲ್ಲ, ಅದಕ್ಕೊಂದು ಕಾರಣವಿತ್ತು. 1995ರಲ್ಲಿ ನಮ್ಮದೇ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಆ ಶಾಲೆಯಲ್ಲಿ ಮೂರನೇ ತರಗತಿವರೆಗೆ ಇದೆ. ಪ್ರತಿ ಮಗು ತನ್ನ ಕಾರ್ಡ್ ತೆಗೆದುಕೊಂಡು, ತನ್ನ ವೇಗದಲ್ಲಿ, ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ನಿಧಾನಿಸಿದರೆ ಯಾರೂ ಕಾಯಬೇಕಾಗಿಲ್ಲ. ಮಿದುಳಿಗೆ ಪೆಟ್ಟಾದ ಮಗುವಿಗೆ ಇದಕ್ಕಿಂತ ಒಳ್ಳೆಯ ತರಗತಿಯನ್ನು ನಾನು ಬೇಕೆಂದರೂ ಹುಡುಕಲಾರೆ. ನಾಲ್ಕನೇ ತರಗತಿಗೆ ಬಂದಾಗ ಬೋರ್ಡಿನಿಂದ ಬರೆದುಕೊಳ್ಳುವುದು, ಎಲ್ಲರ ಜೊತೆ ಒಂದೇ ಹೊತ್ತಿಗೆ ಮುಗಿಸುವುದು, ಡಿಕ್ಟೇಷನ್ ಶುರುವಾಯಿತು. ಆ ನೋಟ್‌ಬುಕ್ಕು ಬಂದದ್ದು ಆಗಲೇ. ಪ್ರತಿ ವಾಕ್ಯವೂ ನಡುವಿನಲ್ಲಿ ನಿಂತಿತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ, ಸೋಮಾರಿ’.

ಏನಾಗುತ್ತದಪ್ಪ ಎಂದು ಅವನನ್ನೇ ಕೇಳಿದೆ. ‘ಮಿಸ್ ಹೇಳೋದು ಕೇಳಿಸ್ತದೆ ಮೇಡಮ್, ಬರಿಯೋವತ್ಗೆ ಹೊಂಟೋಗಿರ್ತದೆ’ ಅಂದ. ಮಾತು ಕಿವಿಗೆ ಬಿದ್ದು ಕೈಗೆ ಬರುವವರೆಗೆ ಹಿಡಿದಿಟ್ಟುಕೊಳ್ಳುವ ಜಾಗ ಕಿರಿದಾಗಿದೆ ಎಂಬುದನ್ನು ನಾನು ಇಷ್ಟು ಚೆನ್ನಾಗಿ ಹೇಳಲಾರೆ.

ಚಿಕ್ಕ ವಯಸ್ಸಿನ ಮಿದುಳು ಎಂಥ ಪೆಟ್ಟನ್ನೂ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ಒಂದು ಮಟ್ಟಿಗೆ ನಿಜ, ಎಡಗೈ ಅಷ್ಟು ಬೇಗ ಮರಳಿದ್ದು ಹಾಗೇ. ಆದರೆ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಎಂಟನೇ ವರ್ಷದಲ್ಲಿ ಅಲ್ಲಿ ಆದ ಗಾಯದ ಲೆಕ್ಕ ಎಂಟನೇ ವರ್ಷದಲ್ಲೇ ಪೂರ್ತಿ ಸಿಗುವುದಿಲ್ಲ, ಯಾಕೆಂದರೆ ಆ ಭಾಗಕ್ಕೆ ಆಗ ಇನ್ನೂ ಹೆಚ್ಚು ಕೆಲಸ ಇರುವುದಿಲ್ಲ. ಶಾಲೆ ಮೇಲಿನ ಕೆಲಸ ಕೇಳಿದಾಗ ಕೊರತೆ ಹೊರಬೀಳುತ್ತದೆ. ಅಷ್ಟರಲ್ಲಿ ಬಿದ್ದದ್ದು ಎಲ್ಲರಿಗೂ ಮರೆತಿರುತ್ತದೆ.

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟೆ. ಊರವರ ಬಾಯಲ್ಲಿ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. ಕಿವಿ ಕೇಳದವರು, ಮಾತು ಬಾರದವರು ಹೋಗುವ ಜಾಗ ಅಂತ ಅಪ್ಪನಿಗೆ ಮೊದಲು ಒಪ್ಪಿಗೆಯಿರಲಿಲ್ಲ. ಅಲ್ಲಿ ಕಿವಿ ಸರಿಯಿದೆ ಎಂದು ಖಚಿತಪಡಿಸಿಕೊಂಡು (ಕಿವಿಯ ಮೇಲಿನ ಮೂಳೆ ಬಿರಿದವರಿಗೆ ಇದನ್ನು ಮರೆಯಬಾರದು) ಒಂದು ಕತೆ ಹೇಳಿಸಿದರು. ಪದಗಳು ಇದ್ದವು, ಮೊದಲು ಏನು, ಆಮೇಲೆ ಏನು ಎಂಬ ಸರಣಿ ಕಳಚಿತ್ತು. ಕತೆಯನ್ನು ಚಿತ್ರಗಳಲ್ಲಿ ಜೋಡಿಸಿ ಹೇಳುವುದರಿಂದ ಅಭ್ಯಾಸ ಶುರುವಾಯಿತು. 15 ದಿನಕ್ಕೊಮ್ಮೆ ಅವ್ವ ಬೆಳಗಿನ ಹಾಲು ಹಾಕಿ ಬಸ್ಸು ಹತ್ತುತ್ತಿದ್ದಳು.

ಶಾಲೆಗೆ ನಾನೇ ಪತ್ರ ಬರೆದೆ, ಆಮೇಲೆ ಹೋಗಿಯೂ ಬಂದೆ. ಮನೆ ನೋಡಿದ್ದು ಆ ದಿನವೇ. ಅವನ ತರಗತಿಯ ಮೇಡಂ ಕೆಟ್ಟವರಲ್ಲ. ಹುಡುಗನ ತಲೆಗೆ ಆಪರೇಷನ್ ಆಗಿದ್ದು ಗೊತ್ತಿತ್ತು, ವಾಸಿಯಾಗಿದೆ ಅಂದುಕೊಂಡಿದ್ದರು, ನಾವು ಹಾಗೆ ತಾನೇ ಹೇಳಿ ಕಳಿಸಿದ್ದು. ಮುಂದಿನ ಸಾಲಿನಲ್ಲಿ ಕೂರಿಸಲು, ಒಂದು ಸಲಕ್ಕೆ ಒಂದೇ ಸೂಚನೆ ಕೊಡಲು, ಬೋರ್ಡಿನಲ್ಲಿರುವುದನ್ನು ಪಕ್ಕದವನ ಪುಸ್ತಕದಿಂದ ನೋಡಿ ಬರೆಯಲು ಬಿಡಲು, ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡಲು ಒಪ್ಪಿದರು. ಮಧ್ಯಾಹ್ನದ ಬಿಸಿಯೂಟದ ನಂತರ 20 ನಿಮಿಷ ಮಲಗಲು ಒಂದು ಚಾಪೆ ಹಾಕಿಕೊಟ್ಟರು. ಅದು ನಾನು ಕೇಳಿದ್ದಲ್ಲ, ಅವರಿಗೇ ಹೊಳೆದದ್ದು, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ. ಸಿಟ್ಟು ಮುಕ್ಕಾಲು ಪಾಲು ದಣಿವಿನ ಸಿಟ್ಟಾಗಿತ್ತು.

ಈಗ

ಹುಡುಗನಿಗೆ 11 ತುಂಬುತ್ತಿದೆ. ಎಡಗೈ ಪೂರ್ತಿ ಸರಿ. ಫಿಟ್ಸ್ ಬಂದಿಲ್ಲ. ಓದುತ್ತಾನೆ, ನಿಧಾನ. ಲೆಕ್ಕದಲ್ಲಿ ಎರಡು ಹೆಜ್ಜೆಯವು ಬರುತ್ತವೆ, ನಾಲ್ಕು ಹೆಜ್ಜೆಯವು ಇನ್ನೂ ಕಳಚುತ್ತವೆ. ಅಕ್ಕನಿಗೆ ಹೊಡೆಯುವುದು ನಿಂತು ವರ್ಷವಾಯಿತು. ಅವಳು ನರ್ಸಿಂಗ್ ಓದಬೇಕು ಅನ್ನುತ್ತಿದ್ದಾಳೆ.

ನಮ್ಮಲ್ಲಿ ಎರಡು ಕಾಗದ ಅಚ್ಚಾಗಿವೆ. ಮೊದಲನೆಯದು ತಲೆಗೆ ಪೆಟ್ಟಾಗಿ ಬಂದು ಮನೆಗೆ ಹೋಗುವ ಪ್ರತಿ ಮಗುವಿನ ಕೈಗೆ. ಮತ್ತೆ ಮತ್ತೆ ವಾಂತಿ, ಏರುವ ತಲೆನೋವು, ಎಬ್ಬಿಸಿದರೆ ಸರಿಯಾಗಿ ಏಳದಿರುವುದು, ತೊದಲು, ಗುರುತು ಹಿಡಿಯದಿರುವುದು, ನಡಿಗೆ ತೂರಾಡುವುದು, ಒಂದು ಕೈ ಅಥವಾ ಕಾಲು ಸೋಲುವುದು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ. ಇವುಗಳಲ್ಲಿ ಒಂದು ಕಂಡರೂ ಎಷ್ಟೇ ಹೊತ್ತಾಗಿರಲಿ ಸಿ.ಟಿ. ಇರುವ ಆಸ್ಪತ್ರೆಗೆ ಬನ್ನಿ, 108ಕ್ಕೆ ಕರೆಮಾಡಿ, ಎತ್ತುವಾಗ ತಲೆ ಮತ್ತು ಕುತ್ತಿಗೆ ಮೈಗೆ ನೇರವಾಗಿರಲಿ. ಮಲಗಲು ಬಿಡಬಹುದು, ಆದರೆ ಮೊದಲ ರಾತ್ರಿ ಒಂದೆರಡು ಸಲ ಎಬ್ಬಿಸಿ ಹೆಸರು ಕೇಳಿ ಎಂಬ ಸಾಲು ಅಜ್ಜಿಯಂದಿರಿಗಾಗಿ ದಪ್ಪ ಅಕ್ಷರದಲ್ಲಿದೆ. ಎರಡನೆಯ ಕಾಗದ ಶಾಲೆಗೆ.

ಕಬ್ಬಿನ ಹಣ ಈ ಸಲ ಬಂದಾಗ ಅಪ್ಪ ಮೋಲ್ಡ್ ಸುತ್ತ ಹಾಲೋ ಬ್ಲಾಕಿನಲ್ಲಿ ಮೂರೂವರೆ ಅಡಿ ಗೋಡೆ ಕಟ್ಟಿದ್ದಾರೆ, ಪ್ಲಾಸ್ಟರಿಂಗ್ ಆಗಿಲ್ಲ. ಬೀದಿಯ ಉಳಿದ ಆರು ಮನೆ ಹಾಗೇ ಇವೆ. ಈ ಜೂನ್‌ಗೆ ಹುಡುಗ ಆರನೇ ತರಗತಿ, ಪಕ್ಕದೂರಿನ ದೊಡ್ಡ ಶಾಲೆ, ವಿಷಯಕ್ಕೊಬ್ಬ ಮೇಷ್ಟ್ರು. ಎರಡನೆಯ ಕಾಗದದ ಆರು ಪ್ರತಿ ಅವ್ವನ ಕೈಗೆ ಕೊಟ್ಟಿದ್ದೇನೆ. ಮುಂದಿನ ಭೇಟಿಯನ್ನು ಶಾಲೆ ತೆರೆದು ಆರು ವಾರದ ಮೇಲೆ ಎಂದು ಬರೆದಿದ್ದೇನೆ, ಬರುವಾಗ ನೋಟ್‌ಬುಕ್ಕುಗಳನ್ನು ತರಬೇಕು. ಹೊರಡುವಾಗ ಅವನು ಈ ಆಷಾಢಕ್ಕೆ ಗಾಳಿಪಟ ಹಾರಿಸಬಹುದಾ ಎಂದು ಕೇಳಿದ. ಗದ್ದೆ ಬಯಲಲ್ಲಿ ಹಾರಿಸು ಅಂದೆ.